ಅಂಕಮ್ಮ ಹೇಳದ ಹೆಸರು

"ಎದೆ ನೋಯ್ತದೆ ಅಂದ್ರೆ ಕತ್ಗೆ ಇಟ್ಕಂಡು ಕೇಳ್ತಾವ್ರಲ್ಲ, ಇವ್ರು ಡಾಕ್ಟ್ರೇನಾ ಮೇಷ್ಟ್ರೇ?" ಎಂದು ನನ್ನ ಹೆಂಡತಿ ಅಂಕಮ್ಮ ನನ್ನ ಕಡೆ ಓರೆಗಣ್ಣಲ್ಲಿ ನೋಡಿದಳು. ಮಂಡ್ಯದ ಡಾಕ್ಟರು ಅವಳ ಕತ್ತಿನಿಂದ ಸ್ಟೆತಾಸ್ಕೋಪ್ ತೆಗೆಯದೆಯೇ ನಕ್ಕರು.

ನಕ್ಕಿದ್ದು ಅಷ್ಟೇ. ಮಿದುಳಿಗೆ ರಕ್ತ ಒಯ್ಯುವ ಕತ್ತಿನ ನಾಳ ಕಿರಿದಾಗಿದೆ, ಒಳಗೆ ಸುಯ್ ಎನ್ನುವ ಸದ್ದು ಕೇಳುತ್ತಿದೆ ಎಂದರು. ಹೃದಯಕ್ಕೂ ಆಪರೇಷನ್ ಬೇಕು, ಆದರೆ ಅದನ್ನು ಮೊದಲು ಮಾಡಿದರೆ ಲಕ್ವ ಹೊಡೆದು ಮಾತೇ ಹೋಗಬಹುದು. ಬೆಂಗಳೂರಿನಲ್ಲಿ ಮೊದಲು ಕತ್ತು ಸರಿಮಾಡಿಸಿ, ಆಮೇಲೆ ಎದೆ.

ಅವಳ ಮಾತು ಹೋದರೆ ನನಗೆ ಇನ್ನೇನು ಉಳಿಯುತ್ತದೆ? ಮಳವಳ್ಳಿಯ ಮನೆಯಲ್ಲಿ ಇರುವುದು ನಾವಿಬ್ಬರೇ. ಮಕ್ಕಳಿದ್ದಿದ್ದರೆ ಇಂಥವನ ಅಪ್ಪ ಎಂದಾದರೂ ಕರೆಯುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಊರವರಂತೆ ಅವಳಿಗೂ ನಾನು ಮೇಷ್ಟ್ರು. ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂಬುದು ಅವಳ ನಂಬಿಕೆ.

ಎಪ್ಪತ್ತೆಂಟರ ಫೆಬ್ರವರಿಯಲ್ಲಿ ಕತ್ತಿನ ಆಪರೇಷನ್ ಆಯಿತು. ಪ್ರಜ್ಞೆ ತಪ್ಪಿಸುವುದಿಲ್ಲ, ಕತ್ತು ಮಾತ್ರ ಮರಗಟ್ಟಿಸುತ್ತಾರೆ. ನಾಳವನ್ನು ಅದುಮಿ ಹಿಡಿದು ಮಾತಾಡಿಸುತ್ತಾರಂತೆ. ಮಾತು ತಪ್ಪಿದರೆ ಮಿದುಳಿಗೆ ರಕ್ತ ಸಾಲದು ಎಂದರ್ಥ, ಅಲ್ಲಿಗೇ ನಿಲ್ಲಿಸಬೇಕು.

ನಾನು ಹೊರಗೆ ಬೆಂಚಿನ ಮೇಲೆ ಒಬ್ಬನೇ ಕೂತಿದ್ದೆ. ಅಂಥ ಒಂಟಿತನ ನನ್ನನ್ನು ಎಂದೂ ಕಾಡಿರಲಿಲ್ಲ. ನರ್ಸ್ ಓಡಿಬಂದಳು.

"ಗಂಡನ ಹೆಸರು ಕೇಳಿದ್ರೆ ಮೊದಲು ಸುಮ್ಮನಿದ್ರು. ಈಗ ಒನ್ನಯ್ಯ ಅಂತಾರೆ. ಚೀಟಿಯಲ್ಲಿ ಹೊನ್ನಯ್ಯ ಅಂತಿದೆ. ನಾಲಿಗೆ ತೊದಲ್ತಿದೆಯೇನೋ ಅಂತ ಡಾಕ್ಟರಿಗೆ ಅನುಮಾನ. ಮೊದಲು ಹೇಗೆ ಹೇಳ್ತಿದ್ರು?"

"ಗೊತ್ತಿಲ್ಲ ಸಿಸ್ಟರ್. ಅವಳ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ."

ಅವಳು ಬಾಗಿಲತ್ತ ತಿರುಗಿದಳು. ಆಗ ನನಗೆ ಹೊಳೆಯಿತು.

"ಅವಳ ತವರು ಹಲಗೂರು. ಅದನ್ನೂ ಅಲಗೂರು ಅಂತಾಳೆ. ನಮ್ಮ ಕಡೆ ಮಾತೇ ಹಾಗೆ, ತೊದಲಲ್ಲ. ನಿಲ್ಲಿಸಬೇಡಿ ಅನ್ನಿ."

ಬಾಗಿಲು ಮುಚ್ಚಿತು. ಒನ್ನಯ್ಯ, ಒನ್ನಯ್ಯ ಎಂದು ನಾನೇ ಮೆಲ್ಲಗೆ ಅಂದುಕೊಂಡೆ. ಅವಳ ಬಾಯಲ್ಲಿ ಅದು ಹೇಗಿರುತ್ತದೋ ಊಹೆಗೆ ಸಿಗಲಿಲ್ಲ. ಒಳಗಿದ್ದವರೆಲ್ಲ ಕೇಳಿದ್ದರು, ನಾನೊಬ್ಬ ಕೇಳಿರಲಿಲ್ಲ.

ಸಂಜೆ ವಾರ್ಡಿನಲ್ಲಿ ಕತ್ತಿಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದಳು. ನನ್ನ ಮುಖ ನೋಡಲು ಅವಳಿಗೆ ನಾಚಿಕೆ.

"ಯೋಳ್ಬುಟ್ಟೆ ಮೇಷ್ಟ್ರೇ. ನಿಮ್ಗೇನಾದ್ರೂ ಆದಾತು ಅಂತ ಬಾಯಿ ಮುಚ್ಕಂಡಿದ್ದೆ. ಮಾತಾಡ್ದಿದ್ರೆ ನಿಲ್ಲುಸ್ಬುಡ್ತೀವಿ ಅಂದ್ರು. ನಿಮ್ಮನ್ನ ಒಬ್ರನ್ನೇ ಬುಟ್ಟು ಓಯ್ತೀನೇನೋ ಅಂತ ಎದ್ರಿಕೆ ಆಯ್ತು."

"ಅವ್ವ ಸತ್ತಮೇಲೆ ನನ್ನನ್ನ ಹೆಸರು ಹಿಡಿದು ಕರೆದವರೇ ಇಲ್ಲ ಕಣೆ. ಇನ್ನೊಂದ್ಸಲ ಅನ್ನು."

ಓರೆಗಣ್ಣು ನಗುತ್ತ ಮತ್ತೆ ನನ್ನ ಕಡೆ ಬಂತು. "ಎದೆ ಕುಯ್ಯೋವಾಗ್ಲೂ ಕೇಳ್ತಾರಲ್ಲ, ಆಗ ಯೋಳ್ತೀನಿ ಬುಡಿ."

"ಆಗ ಪ್ರಜ್ಞೆ ತಪ್ಪಿಸ್ತಾರೆ. ಯಾರೂ ಏನೂ ಕೇಳಲ್ಲ."

ಅವಳ ನಗು ನಿಂತಿತು. ಆಮೇಲೆ ಹತ್ತಿರ ಬಗ್ಗುವಂತೆ ಸನ್ನೆ ಮಾಡಿ, ನನ್ನ ಕಿವಿಯಲ್ಲಿ ಹೇಳಿದಳು.

ಐವತ್ತೆರಡು ವರ್ಷದ ನಾನು ವಾರ್ಡಿನವರ ಮುಂದೆಯೇ ಅತ್ತುಬಿಟ್ಟೆ.