ವಾಲಗದ ನಡುವಿನ ಉಸಿರು

ತುಳಸಿ ವಿರಾಜಪೇಟೆಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಮದುವೆ, ಹಬ್ಬಗಳಲ್ಲಿ ವಾಲಗ ಊದುತ್ತಿದ್ದ ಗಂಡ ಆನಂದ್ ಎದೆನೋವಿನಿಂದ ತೀರಿಕೊಂಡಾಗ ಅವನದೊಂದು ರೆಕಾರ್ಡಿಂಗೂ ಉಳಿದಿರಲಿಲ್ಲ. ಕಂಪ್ಯೂಟರಿನಲ್ಲಿ ಬರೀ ಸುಯ್ಯೆನ್ನುವ ಸದ್ದನ್ನು ಡಿಜಿಟಲ್ ಫಿಲ್ಟರುಗಳಿಂದ ಸೋಸಿ ಸೋಸಿ, ಅವನ ವಾಲಗದ ದನಿಯನ್ನು ಅವಳೇ ಕಟ್ಟತೊಡಗಿದಳು.

ಒಂದು ಮಧ್ಯಾಹ್ನ ಅದು ಕೂಡಿಬಂತು. ಆದರೆ ಸ್ವರಗಳ ನಡುವೆ ಯಾರೋ ಉಸಿರೆಳೆದುಕೊಳ್ಳುತ್ತಿದ್ದರು. ಉಸಿರನ್ನು ಅವಳು ಸೇರಿಸಿರಲೇ ಇಲ್ಲ. ಒಂದೊಂದೇ ಫಿಲ್ಟರ್ ತೆಗೆದಳು. ವಾಲಗ ಅಳಿಸಿಹೋಯಿತು, ಉಸಿರು ಉಳಿಯಿತು. ಗಾಬರಿಯಿಂದ ಸ್ಪೀಕರಿನ ವೈರ್ ಕಿತ್ತಳು. ಈಗ ಅದು ಅವಳ ಕಿವಿಯ ಪಕ್ಕದಲ್ಲೇ, ಬೆಚ್ಚಗೆ.

ಅಡುಗೆಮನೆಯಿಂದ ಅತ್ತೆ ಕೂಗಿದರು: “ತುಳಸೀ, ಊದಿದ್ದು ಸಾಕು ಹೇಳು ಅವನಿಗೆ. ಮತ್ತೆ ಎದೆನೋವು ಬರ್ತದೆ.”

ತುಳಸಿ ಅಳು ತಡೆಯಲಾರದೆ, “ಸಾಕು ರೀ,” ಎಂದಳು.

ಉಸಿರು ನಿಂತಿತು. ಆಮೇಲೆ ವೈರನ್ನು ಮತ್ತೆ ಸಿಕ್ಕಿಸಿ, ಅದೇ ಫಿಲ್ಟರುಗಳನ್ನು ಎಷ್ಟು ಸಲ ಜೋಡಿಸಿದರೂ ಸ್ಪೀಕರಿನಿಂದ ಒಂದು ಸ್ವರವೂ ಹೊರಡಲಿಲ್ಲ.