ಬೆದರುಬೊಂಬೆಯ ಹುಲ್ಲು

"ಅದ್ನ ಮುಟ್ಬ್ಯಾಡ ಮಾವ!" ಗಂಗರತ್ನ ಕಿರುಚಿದಳು.

ಆಂಜಿನಪ್ಪ ಮಾವ ಕೇಳಲಿಲ್ಲ. ರಾಗಿ ಹೊಲದ ಬೆದರುಬೊಂಬೆಯ ಅಂಗಿ ಬಿಚ್ಚಿ, ಹೊಟ್ಟೆಯಿಂದ ಒಣಹುಲ್ಲು ಹಿರಿಯತೊಡಗಿದ. ಪಾಪ, ಅವನಾದರೂ ಏನು ಮಾಡಿಯಾನು? ಬಂಗಾರಪೇಟೆಯಿಂದ ಹೊರಟ ಸೈಕಲ್ಲು ಅರ್ಧ ದಾರಿಯಲ್ಲಿ ಟುಸ್ಸೆಂದಿತ್ತು. ಟ್ಯೂಬು ಉದ್ದಕ್ಕೂ ಸೀಳಿತ್ತು. ಸುತ್ತ ಅಂಗಡಿಯಿಲ್ಲ, ನರಪಿಳ್ಳೆಯಿಲ್ಲ.

ಮನೆಯಲ್ಲಿ ಅಜ್ಜಿ ಮಗನ ಮುಖ ನೋಡಲೆಂದೇ ಜೀವ ಹಿಡಿದುಕೊಂಡಿದ್ದಳು. ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿಯ ಸಂಗು, ಅದೇ ಸೈರನ್ನು, ಕೂಗುವುದರೊಳಗೆ ಅಪ್ಪನನ್ನು ಗೇಟಿನಲ್ಲೇ ಹಿಡಿಯಬೇಕು. ಸಂಗು ಕೂಗಿತೋ, ಅಪ್ಪ ಭೂಮಿಯೊಳಗೆ ಇಳಿದಂತೆಯೇ. ಮತ್ತೆ ಮೇಲೆ ಬರುವುದು ಬೆಳಗ್ಗೆ.

"ಟೈರಿಗೆ ಅಸಿ ಉಲ್ಲು ತುಂಬಿದ್ರೆ ಜಜ್ಜೋಯ್ತದೆ ಕಣಮ್ಮಿ. ಒಣಗಿದ್ದೇ ಬೇಕು. ಬೊಂಬೆ ಏನು ಕಚ್ಚುತ್ತಾ?"

ಆಗಲೇ ನೆಲದಡಿ ಗುಡುಗಿತು. ಆಳದಲ್ಲಿ ಬಂಡೆ ಸಿಡಿಸುತ್ತಿದ್ದರು. ಕಾಲ ಕೆಳಗೆ ಮಣ್ಣು ನಡುಗಿತು. ಬೊಂಬೆಯ ಮಡಕೆ ತಲೆ ಮೆಲ್ಲಗೆ ಅಲ್ಲಾಡಿತು.

"ನೋಡು, ಬ್ಯಾಡ ಅಂತೈತೆ!"

ಮಾವನ ಮುಖವೂ ಬಿಳಿಚಿಕೊಂಡಿತು. ಆದರೂ ಹುಲ್ಲನ್ನು ಹುರಿಮಾಡಿ ಟೈರಿನೊಳಗೆ ತುರುಕಿ, ತಲೆವಸ್ತ್ರ ಹರಿದು ಅಲ್ಲಲ್ಲಿ ಬಿಗಿದ.

ಸೈಕಲ್ಲು ಹೊರಟಿತು. ಸರ್... ಸರ್... ಅಯ್ಯೋ, ಯಾರೋ ಕಾಲೆಳೆದುಕೊಂಡು ಹಿಂದೆ ಬರುತ್ತಿದ್ದಾರೆ! ಸೈಕಲ್ಲು ಓಡಿದರೆ ಅದೂ ಓಡುತ್ತದೆ, ನಿಧಾನವಾದರೆ ಅದೂ ನಿಧಾನ. ಅದು ಹುಲ್ಲಿನ ಸದ್ದೆಂದು ಗಂಗರತ್ನಳಿಗೆ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಭಯ ಹೋಗುತ್ತದೆಯೇ? ಗಣಿಮಣ್ಣಿನ ಬಿಳಿ ಗುಡ್ಡಗಳ ನಡುವೆ ಬೆಳಕು ಕುಗ್ಗುತ್ತಿತ್ತು. ಅವಳು ಮಾವನ ಬೆನ್ನಿಗೆ ಮುಖ ಒತ್ತಿಕೊಂಡಳು. ಹಿಂತಿರುಗಿ ನೋಡಲೇ ಇಲ್ಲ.

"ಏನಾದ್ರೂ ಮಾತಾಡಮ್ಮಿ," ಅಂದ ಮಾವ.

ಗೇಟಿನ ಮುಂದೆ ದೀಪ ಹಿಡಿದವರ ಸಾಲು ಒಳಗೆ ಹೋಗುತ್ತಿತ್ತು.

"ಅಪ್ಪಾ! ಅಜ್ಜಿ ನಿನ್ನ ಕೇಳ್ತಾವ್ಳೆ!"

ಸಾಲಿನ ಕೊನೆಯಲ್ಲಿದ್ದ ಅಪ್ಪ ತಿರುಗಿದ. ಅಷ್ಟರಲ್ಲಿ ಸಂಗು ಕೂಗಿತು. ಅಪ್ಪ ದೀಪವನ್ನು ಪಕ್ಕದವನ ಕೈಗಿಟ್ಟು ಓಡಿಬಂದ.

"ಈ ಚಕ್ರದಾಗೆ ಬಂದ್ರಾ? ನಡೀರಿ, ಬಂಗಾರಪೇಟೆಗೆ ರೈಲು ಸಿಕ್ತದೆ."

ಮೂವರೂ ಸ್ಟೇಷನ್ನಿನ ಕಡೆ ಓಡುನಡಿಗೆಯಲ್ಲಿ ಹೊರಟರು. ಮಾವ ಸೈಕಲ್ಲು ತಳ್ಳಿದ. ಸರ್... ಸರ್... ಸದ್ದು ಜೊತೆಗೇ ಬಂತು. ಗಂಗರತ್ನ ಈ ಸಲ ಚಕ್ರದ ಪಕ್ಕದಲ್ಲೇ ನಡೆದಳು. ಟೈರಿನಿಂದ ಹುಲ್ಲಿನ ಎಳೆಯೊಂದು ಹೊರಗೆ ಬಂದಿತ್ತು. ಅದನ್ನು ಮೆಲ್ಲಗೆ ಒಳಗೆ ಸೇರಿಸಿದಳು.

"ಮಾವ, ಆ ಬೊಂಬೆ ಬ್ಯಾಡ ಅಂದಿರ್ಲಿಲ್ಲ," ಅಂದಳು. "ತಲೆ ಆಡ್ಸಿ ಊಂ ಅಂದಿತ್ತು."