ಪೊರಕೆ ಮುರಿದ ಕೆಂಚವ್ವ

ಬಹಳ ಹಿಂದೆ, ಹುಲ್ಲು ಮೊಣಕಾಲು ಮುಟ್ಟುವ ತೊರೆಗಡವೆಂಬ ರಾಜ್ಯದಲ್ಲಿ ಕೆಂಚವ್ವ ಅರಮನೆಯ ಕುರಿ ಕಾಯುತ್ತಿದ್ದಳು. ಅವಳ ಕೈಕಾಲು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಬೆಳಗಾಗುತ್ತಲೇ ದೊಡ್ಡಿ ಗುಡಿಸಿ, ಹಸಿ ಹಿಕ್ಕೆಯನ್ನು ಹುಲ್ಲುಗಾವಲಿಗೆ ಎರಚುವುದು ಆ ನಾಡಿನ ಪದ್ಧತಿ. ಅವಳಷ್ಟು ಚೊಕ್ಕವಾಗಿ ಗುಡಿಸುವವರು ಯಾರೂ ಇರಲಿಲ್ಲ.

ಜಂತಾಸುರನೆಂಬ ಮಾಂತ್ರಿಕನಿಗೆ ಬೇಕಾಗಿದ್ದೂ ಅದೇ. ಅವನು ಸಾವಿರ ಹುಳುವಾಗಿ ಕುರಿಗಳ ಹೊಟ್ಟೆ ಸೇರಿ ನೆತ್ತರು ಹೀರುತ್ತಿದ್ದ. ಹಿಕ್ಕೆಯಲ್ಲಿ ಹೊರಬಂದ ಅವನ ಮೊಟ್ಟೆಗಳು ಮರಿಯಾಗಿ, ಹುಲ್ಲೇರಿ, ಮತ್ತೆ ಕುರಿಗಳ ಹೊಟ್ಟೆಗೇ ಹೋಗುತ್ತಿದ್ದವು. ಕೆಂಚವ್ವ ಕೈತುತ್ತು ಕೊಟ್ಟು ಸಾಕಿದ ಗಬ್ಬದ ಕುರಿ ಚುಕ್ಕಿಯ ಗದ್ದ ಊದಿತು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆಲ್ಲ ಸುಣ್ಣದ ಬಿಳುಪು. ಅವಳಿಗೆ ಅನ್ನ ಸೇರಲಿಲ್ಲ.

ಮದ್ದು ಹುಡುಕಿಕೊಂಡು ಕಾಡಿಗೆ ಓಡಿದಳು. ಕೊಳೆತ ದಿಮ್ಮಿಯ ಮೇಲೆ ಬೂಷ್ಟಜ್ಜಿಯೆಂಬ ಮುದುಕಿ ಕೂತಿದ್ದಳು, ಮೈಯೆಲ್ಲ ಬೂಷ್ಟಿನ ಬಿಳಿ ಎಳೆ. ಕೆಂಚವ್ವ ಅಳುತ್ತಲೇ ಎಲ್ಲ ಹೇಳಿಕೊಂಡಳು.

“ನನ್ನ ಮೈಮ್ಯಾಲಿನ ಈ ಬೂಷ್ಟಿನ ಪುಡಿ ತೌಡಿನ್ಯಾಗ ಕಲಸಿ ತಿನಿಸು, ತಂಗಿ. ಹೊಟ್ಟಿ ದಾಟಿ ಹಿಕ್ಕಿಯೊಳಗ ಬಂದು ಕುಂದರ್ತೀನಿ. ಹುಳ ಬಂತಂದ್ರ ಉರುಲು ಹಾಕಿ ಹಿಡಿದು, ನನ್ನ ರಸದಿಂದ ಅದರ ತೊಗಲು ಕರಗಿಸಿ ಉಣ್ತೀನಿ. ಆದ್ರ ನೀ ದೊಡ್ಡಿ ಗುಡಿಸಬಾರದು. ಹಸಿ ಹಿಕ್ಕಿ ಎರಚಿದ್ರ ನಾ ಹಿಡಿಯೂದ್ರಾಗ ಅವು ಹುಲ್ಲು ಏರತಾವ.”

ಹುಲಿಯ ಜೊತೆ ಕಾದಾಡು ಎಂದಿದ್ದರೆ ಕೆಂಚವ್ವನಿಗೆ ಇದಕ್ಕಿಂತ ಸುಲಭವಾಗುತ್ತಿತ್ತು. ಆದರೂ ಪುಡಿ ತಂದು ತಿನಿಸಿದಳು.

ಜಂತಾಸುರ ಬಿಡುತ್ತಾನೆಯೇ? ಮೊದಲು ನೆರೆಮನೆಯವಳ ವೇಷದಲ್ಲಿ ಬಂದು, ದೊಡ್ಡಿ ನಾರುತ್ತಿದೆಯೆಂದು ಮೂಗು ಮುಚ್ಚಿ ನಕ್ಕ. ಕೆಂಚವ್ವ ಗುಡಿಸಲಿಲ್ಲ. ಆಮೇಲೆ ಅರಮನೆಯ ದಳವಾಯಿಯಾಗಿ ಬಂದು, ಗುಡಿಸದಿದ್ದರೆ ಕುರಿ ಬಿಟ್ಟು ನಡೆ ಎಂದು ಗದರಿದ. ಆಗಲೂ ಅವಳು ಗುಡಿಸಲಿಲ್ಲ. ಮೂರನೆಯ ಸಲ ಯಾರೂ ಬರಲಿಲ್ಲ. ಚುಕ್ಕಿ ನರಳುತ್ತಿತ್ತು, ಏನೂ ಮಾಡದೆ ನೋಡುತ್ತ ನಿಲ್ಲುವುದು ಅವಳಿಂದ ಆಗಲಿಲ್ಲ. ಪೊರಕೆ ತಾನಾಗಿ ಕೈಗೆ ಬಂದಿತ್ತು, ಒಂದು ಸಲ ಎಳೆದೇಬಿಟ್ಟಳು. ಆಗ ಹಿಕ್ಕೆಯ ಮೇಲೆ ಬಿಳಿ ಎಳೆಗಳು ಕಂಡವು. ಎಳೆಗಳ ಕುಣಿಕೆಯಲ್ಲಿ ಹುಳುಗಳು ಒದ್ದಾಡುತ್ತಿದ್ದವು.

“ತಪ್ಪಾತು ಅಜ್ಜೀ,” ಎಂದು ಪೊರಕೆಯನ್ನು ಮೊಣಕಾಲಿಗೆ ಕೊಟ್ಟು ಮುರಿದಳು.

ಹೊಸ ಹುಳು ಹುಲ್ಲೇರಲಿಲ್ಲ. ಹೊಟ್ಟೆಯೊಳಗಿನವು ಮುದಿಯಾಗಿ ಸತ್ತವು. ಜಂತಾಸುರ ದಿನದಿನಕ್ಕೂ ಕುಗ್ಗಿ ಕೊನೆಗೆ ಒಂದೇ ಹುಳುವಾಗಿ ಉಳಿದ. ಹಿಕ್ಕೆಗೆ ಬಿದ್ದ ಅದನ್ನೂ ಬೂಷ್ಟಜ್ಜಿ ಉಂಡಳು. ಚುಕ್ಕಿಯ ರೆಪ್ಪೆಯೊಳಗೆ ಕೆಂಪೇರಿತು, ಅದು ಮರಿಯನ್ನೂ ಹಾಕಿತು. ತೊರೆಗಡದಲ್ಲಿ ಕುರಿ, ಜನ ಎಲ್ಲರೂ ಸುಖವಾಗಿದ್ದರು. ಕೆಂಚವ್ವನ ಕೈ ಮಾತ್ರ ಸುಮ್ಮನಿರಲು ಕಲಿಯಲೇ ಇಲ್ಲ. ಬೆಳಗಾದರೆ ಅವಳು ಗುಡಿಸದ ದೊಡ್ಡಿಯ ನಡುವೆ ಕೂತು ಚುಕ್ಕಿಯ ಉಣ್ಣೆ ನೂಲುತ್ತಿದ್ದಳು.